ತಗ್ಗಿನ ಹುಳ, ಹುಲಿ ಜೀರುಂಡೆ: ಗುಡ್ಡಕ್ಕೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಮಕ್ಕಳನ್ನೂ ಅವರ ಅಪ್ಪ-ಅಮ್ಮಂದಿರನ್ನೂ ಕರೆದುಕೊಂಡು ರಜೆಯ ದಿನ ಗುಡ್ಡ, ಗಾಯರಾಣ (ಊರಿನ ದನ ಮೇಯುವ ಬಯಲು) ಸುತ್ತುವುದು ನನ್ನ ಹವ್ಯಾಸ. ಚಿರತೆ ತೋರಿಸುತ್ತೇನೆ ಅಂತ ಯಾರಿಗೂ ಮಾತು ಕೊಡುವುದಿಲ್ಲ. ನೆಲದಲ್ಲಿರುವ ತೂತು ತೋರಿಸುತ್ತೇನೆ. ಮೊದಲ ಹತ್ತು ನಿಮಿಷ ಎಲ್ಲರಿಗೂ ಬೇಜಾರು. ಆಮೇಲೆ ಊಟಕ್ಕೆ ಎಬ್ಬಿಸುವುದೇ ಕಷ್ಟ. ಪ್ರತಿ ಸಲವೂ ಅವವೇ ಪ್ರಶ್ನೆಗಳು ಬರುತ್ತವೆ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಯಾವ ಎರಡು ಹುಳಗಳು ಇವು?

ಒಂದು ತಗ್ಗಿನ ಹುಳ. ಇದು ನಮ್ಮ ಮನೆಯಲ್ಲಿ ಇಟ್ಟುಕೊಂಡ ಹೆಸರು. ಪುಸ್ತಕಗಳಲ್ಲಿ ಇರುವೆ ಸಿಂಹ ಅಂತ ಬರೆಯುತ್ತಾರೆ, ಇಂಗ್ಲಿಷಿನ ಆಂಟ್‌ಲಯನ್ ಅನ್ನೋದರ ಕನ್ನಡ. ಪುಡಿಮಣ್ಣಿನಲ್ಲಿ ಲಾಳಿಕೆಯ ಹಾಗೆ ತಗ್ಗು ತೋಡಿ, ಅದರ ತಳದಲ್ಲಿ ಮಣ್ಣಿನೊಳಗೆ ಹುದುಗಿಕೊಂಡು, ದವಡೆ ಮಾತ್ರ ಮೇಲೆ ಇಟ್ಟು ಕಾಯುತ್ತದೆ. ಗುಡಿಯ ಕಟ್ಟೆಯ ಕೆಳಗೆ, ಹಳೆ ಮನೆಯ ಗೋಡೆಯ ಬುಡದಲ್ಲಿ ನೀವು ಈ ತಗ್ಗುಗಳನ್ನು ನೋಡಿಯೇ ಇರುತ್ತೀರಿ.

ಇನ್ನೊಂದು ಹುಲಿ ಜೀರುಂಡೆ, ಅಂದರೆ ಟೈಗರ್ ಬೀಟಲ್. ಬಿಸಿಲಿನಲ್ಲಿ ಕಾಲುದಾರಿಯ ಮೇಲೆ ನಿಮ್ಮ ಮುಂದೆ ಮುಂದೆ ಹಾರಿ, ನಾಲ್ಕು ಮಾರು ದೂರ ಕೂತು, ಮತ್ತೆ ನೀವು ಹತ್ತಿರ ಹೋದ ಕೂಡಲೇ ಹಾರುವ ಹೊಳೆಯುವ ಹುಳ ಇದೆಯಲ್ಲ, ಅದೇ. ಅದರ ಮರಿ ಕೂಡ ನೆಲದಲ್ಲಿ ತೂತು ತೋಡಿ ಕಾಯುತ್ತದೆ. ಇದನ್ನು ನೋಡಿದವರು ಕಡಿಮೆ.

ಎರಡೂ ತೂತು ತೋಡಿ ಇರುವೆ ಹಿಡಿಯುತ್ತವೆ. ಹಾಗಾದ್ರೆ ಎರಡೂ ಒಂದೇ ಅಲ್ವಾ?

ಅಲ್ಲ. ಕಾಯುವ ಬುದ್ಧಿ ಒಂದೇ. ಮಣ್ಣು ಮಾತ್ರ ಉಲ್ಟಾ. ತಗ್ಗಿನ ಹುಳಕ್ಕೆ ಕುಸಿಯುವ ಮಣ್ಣು ಬೇಕು. ಹುಲಿ ಜೀರುಂಡೆಯ ಮರಿಗೆ ಕುಸಿಯದ ಮಣ್ಣು ಬೇಕು. ಇದೊಂದು ತಿಳಿದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನೀವೇ ಹೇಳುತ್ತೀರಿ.

ತಗ್ಗಿನ ಹುಳದ ಲೆಕ್ಕಾಚಾರ ಅರ್ಥವಾಗಬೇಕಾದರೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ. ಜೋಳದ ರಾಶಿ ನೋಡಿ. ರಾಶಿಯ ಮೇಲೆ ಇನ್ನೊಂದು ಬೊಗಸೆ ಸುರಿದರೆ ಎತ್ತರ ಆಗುವುದಿಲ್ಲ, ಕಾಳು ಬದಿಯಿಂದ ಜಾರಿ ಬುಡಕ್ಕೆ ಬರುತ್ತದೆ. ಪ್ರತಿ ರಾಶಿಗೂ ಒಂದು ಇಳಿಜಾರು ಇರುತ್ತದೆ. ಅದಕ್ಕಿಂತ ಕಡಿದಾಗಿ ನಿಲ್ಲಲು ಕಾಳಿಗೆ ಆಗುವುದಿಲ್ಲ. ತಗ್ಗಿನ ಹುಳ ಅದೇ ರಾಶಿಯನ್ನು ತಲೆಕೆಳಗು ಮಾಡಿದೆ ಅಂದುಕೊಳ್ಳಿ. ತಗ್ಗಿನ ಗೋಡೆ ಇನ್ನೇನು ಜಾರಬೇಕು ಅನ್ನುವ ಇಳಿಜಾರಿನಲ್ಲಿ ನಿಂತಿರುತ್ತದೆ. ಅದರ ಅಂಚಿಗೆ ಇರುವೆ ಕಾಲಿಟ್ಟರೆ ಸಾಕು, ಕಾಲ ಕೆಳಗಿನ ಮಣ್ಣೇ ಅದನ್ನು ಕೆಳಗೆ ಇಳಿಸುತ್ತದೆ. ಹತ್ತಲು ನೋಡಿದರೆ ಇನ್ನಷ್ಟು ಜಾರುತ್ತದೆ. ಅಷ್ಟರಲ್ಲಿ ತಳದಿಂದ ಹುಳ ತಲೆಯನ್ನು ಸಲಿಕೆಯ ಹಾಗೆ ಆಡಿಸಿ ಮಣ್ಣು ಎರಚುತ್ತದೆ. ಎರಚಿದ್ದು ಇರುವೆಗೆ ತಗಲದಿದ್ದರೂ ಪರವಾಗಿಲ್ಲ, ಬುಡದ ಮಣ್ಣು ಹೋದ ಮೇಲೆ ಗೋಡೆ ಮತ್ತೆ ಕುಸಿಯುತ್ತದೆ.

ಹುಲಿ ಜೀರುಂಡೆಯ ಮರಿಯದು ಬಾವಿ. ನೆಟ್ಟಗೆ ಕೆಳಗೆ ಇಳಿಯುವ, ಪೆನ್ಸಿಲ್ ಚುಚ್ಚಿದಷ್ಟೇ ಅಗಲದ ಬಾವಿ. ಮರಿ ಬೆಳೆದಂತೆ ಅದೂ ಆಳವಾಗುತ್ತದೆ. ಒಂದು ಗೇಣು, ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ಮರಿಯ ತಲೆ ಚಪ್ಪಟೆ, ಬಾವಿಯ ಬಾಯಿಗೆ ಅಳತೆ ಕೊಟ್ಟು ಮಾಡಿಸಿದ ಮುಚ್ಚಳದ ಹಾಗೆ. ನೆಲದ ಮಟ್ಟಕ್ಕೆ ತಲೆ ಇಟ್ಟು ಕೂತರೆ ತೂತು ಇರುವುದೇ ಕಾಣುವುದಿಲ್ಲ. ಇರುವೆಯೋ ಜೇಡವೋ ಹತ್ತಿರ ಬಂದರೆ ಅರ್ಧ ಮೈ ಹೊರಗೆ ಚಿಮ್ಮಿ, ಹಿಂದಕ್ಕೆ ಬಾಗಿ ಹಿಡಿದು, ಒಳಗೆ ಎಳೆದುಕೊಳ್ಳುತ್ತದೆ. ಬೇಟೆ ದೊಡ್ಡದಾಗಿ ಮರಿಯನ್ನೇ ಹೊರಗೆ ಎಳೆದರೆ? ಅದಕ್ಕೂ ವ್ಯವಸ್ಥೆ ಇದೆ. ಅದರ ಬೆನ್ನ ಮೇಲೆ ಒಂದು ಗೂನು, ಗೂನಿನ ಮೇಲೆ ಕೊಕ್ಕೆಗಳು. ಆ ಕೊಕ್ಕೆಗಳನ್ನು ಬಾವಿಯ ಗೋಡೆಗೆ ಒತ್ತಿ ನಿಲ್ಲುತ್ತದೆ. ಗೋಡೆ ಗಟ್ಟಿ ಇರದಿದ್ದರೆ ಈ ಕೊಕ್ಕೆಯಿಂದ ಏನೂ ಉಪಯೋಗವಿಲ್ಲ.

ನೆಲದಲ್ಲಿ ತೂತು ಕಂಡರೆ ಯಾರದು ಅಂತ ಹೇಗೆ ಗೊತ್ತು ಮಾಡೋದು?

ಲಾಳಿಕೆಯ ಆಕಾರ ಇದ್ದರೆ ತಗ್ಗಿನ ಹುಳ, ಅನುಮಾನವೇ ಇಲ್ಲ. ಬಾಯಿ ಸಾಮಾನ್ಯವಾಗಿ ಎರಡರಿಂದ ಐದು ಸೆಂಟಿಮೀಟರ್ ಅಗಲ.

ನೆಟ್ಟಗಿನ ತೂತಾದರೆ ಸ್ವಲ್ಪ ಬಗ್ಗಿ ನೋಡಬೇಕು. ಸುತ್ತಲೂ ಮಣ್ಣಿನ ಹರಳು ಬಳೆಯ ಹಾಗೆ ಬಿದ್ದಿದ್ದರೆ ಇರುವೆಯ ಗೂಡು. ತೂತಿನ ಬಾಯಿಗೆ ರೇಷ್ಮೆಯ ಎಳೆ ಇದ್ದರೆ ಜೇಡ. ಅಂಚು ಕೊರೆದಷ್ಟು ದುಂಡಗೆ, ಸುತ್ತಲೂ ಸಾರಿಸಿದ ಹಾಗೆ ಸ್ವಚ್ಛ ಇದ್ದು, ತೋಡಿದ ಮಣ್ಣು ಒಂದು ಬದಿಗೆ ದೂರ ಬಿದ್ದಿದ್ದರೆ ಅದು ಹುಲಿ ಜೀರುಂಡೆಯ ಮರಿ. ತೂತು ದುಂಡಗಿರದೆ ಅರ್ಧ ಚಂದ್ರನ ಹಾಗೆ, ದೊಡ್ಡದಾಗಿದ್ದರೆ ಚೇಳು ಇರಬಹುದು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಯಾವ ತೂತಿಗೂ ಬೆರಳು ಹಾಕಬೇಡಿ.

ಇನ್ನೊಂದು ಗುರುತು: ನೀವು ನಡೆದುಕೊಂಡು ಬಂದಾಗ ತೂತು ಕಾಣುತ್ತದೆ. ಸುಮ್ನೆ ಐದು ನಿಮಿಷ ಅಲುಗಾಡದೆ ಕೂತರೆ ಅದೇ ತೂತು ಮಾಯ. ಹೆದರಿ ಕೆಳಗೆ ಹೋಗಿದ್ದ ಮರಿ ಮೇಲೆ ಬಂದು ತಲೆಯಿಂದ ಬಾಯಿ ಮುಚ್ಚಿರುತ್ತದೆ. ಹುಡುಗರು ಇದನ್ನು ನಂಬುವುದಿಲ್ಲ. ಒಮ್ಮೆ ಒಬ್ಬ ಹುಡುಗ "ಸರ್, ಇಲ್ಲೇ ಇತ್ತು, ಯಾರೋ ಮುಚ್ಯಾರ" ಅಂತ ಜಗಳಕ್ಕೇ ಬಂದಿದ್ದ.

ಎರಡಕ್ಕೂ ಸಂಬಂಧ ಇದೆಯಾ?

ದೂರದ ದಾಯಾದಿಗಳು. ಹುಲಿ ಜೀರುಂಡೆ ಹೆಸರೇ ಹೇಳುವ ಹಾಗೆ ಜೀರುಂಡೆಗಳ ಗುಂಪಿನದು. ತಗ್ಗಿನ ಹುಳ ಜಾಲರಿ ರೆಕ್ಕೆಯ ಕೀಟಗಳ ಗುಂಪಿನದು. ಎರಡೂ ಮೊಟ್ಟೆ, ಮರಿ, ಗೂಡಿನ ಹಂತ ದಾಟಿ ದೊಡ್ಡದಾಗುತ್ತವೆ, ಚಿಟ್ಟೆಯ ಹಾಗೆ. ತೂತಿನಲ್ಲಿ ಕಾಯುವ ವಿದ್ಯೆಯನ್ನು ಒಂದರಿಂದ ಒಂದು ಕಲಿತಿಲ್ಲ, ಬೇರೆ ಬೇರೆಯಾಗಿಯೇ ಕಂಡುಕೊಂಡಿವೆ.

ತಗ್ಗಿನ ಹುಳ ದೊಡ್ಡದಾದರೆ ಏನಾಗುತ್ತೆ? ನಾವು ಯಾವತ್ತೂ ನೋಡಿಲ್ಲ.

ನೋಡಿರುತ್ತೀರಿ, ಗುರುತಿಸಿರುವುದಿಲ್ಲ. ರಾತ್ರಿ ಪಡಸಾಲೆಯ ಲೈಟಿಗೆ ಒಂದು ತೆಳ್ಳನೆಯ, ಕಂದು ಬಣ್ಣದ, ಏರೋಪ್ಲೇನ್ ಚಿಟ್ಟೆಯ ಹಾಗೆ ಕಾಣುವ ಹುಳ ಬರುತ್ತದಲ್ಲ, ಹಾರಲು ಬಾರದವರ ಹಾಗೆ ಅತ್ತಿತ್ತ ತೂರಾಡಿಕೊಂಡು? ಅದು ಬಹಳ ಸಲ ತಗ್ಗಿನ ಹುಳದ ದೊಡ್ಡ ರೂಪ. ಏರೋಪ್ಲೇನ್ ಚಿಟ್ಟೆ ಹಗಲಿನ ಜೀವ, ಕೂತಾಗಲೂ ಅದರ ರೆಕ್ಕೆ ಬದಿಗೆ ಚಾಚಿರುತ್ತದೆ. ಇದು ರೆಕ್ಕೆಯನ್ನು ಮೈಮೇಲೆ ಗುಡಿಸಲಿನ ಮಾಡಿನ ಹಾಗೆ ಮಡಚಿಕೊಳ್ಳುತ್ತದೆ. ಮೀಸೆಯನ್ನೂ ನೋಡಿ. ಏರೋಪ್ಲೇನ್ ಚಿಟ್ಟೆಯ ಮೀಸೆ ಕೂದಲಿನಷ್ಟು ಸಣ್ಣದು, ಇದರದ್ದು ಉದ್ದ, ತುದಿಯಲ್ಲಿ ದಪ್ಪ.

ಇಲ್ಲೇ ಎರಡು ಹುಳಗಳ ದಾರಿ ಬೇರೆಯಾಗುವುದು. ತಗ್ಗಿನ ಹುಳ ಮರಿಯಾಗಿದ್ದಾಗ ಪಕ್ಕಾ ಕಟುಕ. ದೊಡ್ಡದಾದ ಮೇಲೆ ಬಡಪಾಯಿ. ಮರಿಯಾಗಿ ಒಂದೆರಡು ವರ್ಷ, ಊಟ ಸರಿಯಾಗಿ ಸಿಗದಿದ್ದರೆ ಇನ್ನೂ ಜಾಸ್ತಿ ಬದುಕುತ್ತದೆ. ರೆಕ್ಕೆ ಬಂದ ಮೇಲೆ ಕೆಲವೇ ವಾರ. ಹುಲಿ ಜೀರುಂಡೆ ಹಾಗಲ್ಲ. ಮರಿಯಾಗಿದ್ದಾಗ ಕೂತು ಬೇಟೆ, ದೊಡ್ಡದಾದ ಮೇಲೆ ಓಡಿ ಬೇಟೆ. ಎರಡೂ ಜನ್ಮದಲ್ಲಿ ಹುಲಿಯೇ.

ಮೈಮೇಲೆ ಪಟ್ಟೆ ಇಲ್ಲ, ಆದ್ರೂ ಹುಲಿ ಯಾಕೆ?

ಬೇಟೆಯ ರೀತಿಗೆ ಆ ಹೆಸರು. ಬಣ್ಣಕ್ಕಲ್ಲ.

ಅದು ಅಷ್ಟು ಜೋರಾಗಿ ಓಡಿ ಮಧ್ಯೆ ಮಧ್ಯೆ ಯಾಕೆ ನಿಲ್ಲುತ್ತೆ?

ಕಣ್ಣು ಕಾಣುವುದಿಲ್ಲ, ಅದಕ್ಕೆ! ತಮಾಷೆಯಲ್ಲ. ಹುಲಿ ಜೀರುಂಡೆಯ ಕಣ್ಣು ದೊಡ್ಡದೇ. ಆದರೆ ಓಟದ ವೇಗಕ್ಕೆ ಕಣ್ಣಿಗೆ ಬೀಳುವ ಬೆಳಕು ಸಾಲುವುದಿಲ್ಲ, ಎದುರಿನ ಚಿತ್ರ ಕಲಸಿಹೋಗುತ್ತದೆ. ಅದಕ್ಕೇ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಬೇಟೆ ಎಲ್ಲಿದೆ ಅಂತ ನೋಡಿಕೊಳ್ಳುತ್ತದೆ, ಮತ್ತೆ ಓಡುತ್ತದೆ. ತನ್ನದೇ ಬೇರೆ ದಾರಿಯಲ್ಲಿ ಓಡುವ ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಹಾಗೆ ಅನ್ನಿ: ನೇರ ದಾರಿಯಲ್ಲಿ ಒಂದೇ ಓಟ, ನಿಲ್ದಾಣದಲ್ಲಿ ನಿಲುಗಡೆ, ಮತ್ತೆ ಓಟ. ಓಡುವಾಗ ಕಲ್ಲಿಗೆ ಡಿಕ್ಕಿ ಹೊಡೆಯದಿರಲಿ ಅಂತ ಮೀಸೆಯನ್ನು ಮುಂದಕ್ಕೆ ಚಾಚಿ ಹಿಡಿದಿರುತ್ತದೆ, ಕಣ್ಣಿಲ್ಲದವರ ಕೋಲಿನ ಹಾಗೆ.

ಆಸ್ಟ್ರೇಲಿಯಾದ ಒಂದು ಜಾತಿ ಗಂಟೆಗೆ ಸುಮಾರು 9 ಕಿಲೋಮೀಟರ್ ವೇಗದಲ್ಲಿ ಓಡುವುದನ್ನು ಅಳೆದಿದ್ದಾರೆ. ನಾವು ಬೀಸಾಗಿ ನಡೆಯುವುದಕ್ಕಿಂತ ಜಾಸ್ತಿ. ಎರಡು ಸೆಂಟಿಮೀಟರಿನ ಹುಳಕ್ಕೆ! ಸೆಕೆಂಡಿಗೆ ತನ್ನ ಮೈಯ ಉದ್ದದ ನೂರು ಪಟ್ಟಿಗಿಂತ ಹೆಚ್ಚು ದೂರ ಅದು.

ನಡು ಮಧ್ಯಾಹ್ನ ನೆಲ ಕಾದಾಗ ಇನ್ನೊಂದು ಆಟ ನೋಡಬಹುದು. ಹುಲಿ ಜೀರುಂಡೆ ಉದ್ದ ಕಾಲುಗಳನ್ನು ನೆಟ್ಟಗೆ ಮಾಡಿ ಮೈಯನ್ನು ನೆಲದಿಂದ ಮೇಲೆ ಎತ್ತಿ ನಿಲ್ಲುತ್ತದೆ. ಕಾದ ಡಾಂಬರಿನ ಮೇಲೆ ಚಪ್ಪಲಿ ಇಲ್ಲದವರು ತುದಿಗಾಲಲ್ಲಿ ನಿಂತ ಹಾಗೆ.

ತಗ್ಗಿನ ಹುಳ ಮಲ ಮಾಡಲ್ಲ ಅಂತಾರೆ, ನಿಜಾನಾ?

ಮಕ್ಕಳ ಅತ್ಯಂತ ಇಷ್ಟದ ಪ್ರಶ್ನೆ. ನಿಜ. ಮರಿಯ ಹೊಟ್ಟೆಯಿಂದ ಹಿಂದಕ್ಕೆ ಹೋಗುವ ದಾರಿ ಒಳಗೇ ಮುಚ್ಚಿಕೊಂಡಿರುತ್ತದೆ. ದವಡೆಯಿಂದ ಬೇಟೆಯೊಳಗೆ ರಸ ಬಿಟ್ಟು, ಒಳಗಿನದನ್ನೆಲ್ಲ ಕರಗಿಸಿ, ಹೀರಿ, ಒಣ ಸಿಪ್ಪೆಯನ್ನು ತಗ್ಗಿನಿಂದ ಆಚೆ ಎಸೆಯುತ್ತದೆ. ಹಾಗಾಗಿ ಗಸಿ ಕಡಿಮೆ. ಇದ್ದಷ್ಟನ್ನು ಅಷ್ಟು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡು, ರೆಕ್ಕೆ ಬಂದು ಹೊರಗೆ ಬಂದಾಗ ಒಂದೇ ಸಲ ಹಾಕುತ್ತದೆ. ಇನ್ನೂ ಒಂದು ಮಾತು ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ: ಗೂಡು ಕಟ್ಟುವ ರೇಷ್ಮೆ ಬರುವುದು ಆ ಹಿಂದಿನ ಕಡೆಯಿಂದಲೇ. ಆ ರೇಷ್ಮೆಗೆ ಮಣ್ಣು ಅಂಟಿಸಿ ದುಂಡನೆಯ ಉಂಡೆ ಮಾಡಿ ಅದರೊಳಗೆ ಮಲಗುತ್ತದೆ. ಹೊರಗಿನಿಂದ ನೋಡಿದರೆ ಒಂದು ಮಣ್ಣಿನ ಗೋಲಿ, ಅಷ್ಟೆ.

ನಮ್ಮ ಎರೆ ಹೊಲದಲ್ಲಿ ತಗ್ಗಿನ ಹುಳ ಕಾಣೋದೇ ಇಲ್ಲ. ಯಾಕೆ?

ಗದಗ, ನವಲಗುಂದ, ನರಗುಂದ ಕಡೆಯ ಎರೆಮಣ್ಣು, ಅಂದರೆ ಕಪ್ಪು ಮಣ್ಣು, ಒದ್ದೆಯಾದರೆ ಅಂಟುತ್ತದೆ, ಒಣಗಿದರೆ ಹೆಂಟೆಯಾಗಿ ಬಿರಿಯುತ್ತದೆ. ಹೆಂಟೆಯಲ್ಲಿ ಜಾರುವ ಗೋಡೆ ಕಟ್ಟಲು ಆಗುವುದಿಲ್ಲ. ಮಸಾರಿ ಅನ್ನುವ ಕೆಂಪು ಭೂಮಿ, ಗುಡ್ಡದ ಕೆಂಪು ಪುಡಿಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಎರೆಸೀಮೆಯಲ್ಲೂ ಹುಡುಕಬೇಕಾದ ಜಾಗ ಒಂದಿದೆ: ಗುಡಿ, ಹಳೆ ಮನೆಗಳ ಗೋಡೆಯ ಬುಡ. ಗಾಳಿ ತಂದ ನುಣುಪು ಧೂಳು ಅಲ್ಲಿ ಕೂಡುತ್ತದೆ, ಮಳೆ ಬೀಳುವುದಿಲ್ಲ.

ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿ ನೋಡಿದ್ದೀರಾ? ನಕ್ಷತ್ರದ ಹಾಗೆ 24 ಮೂಲೆಗಳ ಗೋಡೆ ಅದರದ್ದು. ಶಿಲ್ಪ ನೋಡಲು ಬಂದವರು ಗೋಡೆ ನೋಡುತ್ತಾ ಸುತ್ತು ಹಾಕುತ್ತಾರೆ. ನಾನು ಗೋಡೆಯ ಬುಡ ನೋಡುತ್ತಾ ಸುತ್ತುತ್ತೇನೆ. ಇಷ್ಟು ಮೂಲೆ, ಇಷ್ಟು ನೆರಳು ಇದ್ದ ಕಡೆ ಎಲ್ಲಾದರೂ ಒಂದು ಹಿಡಿ ಧೂಳು ನಿಂತೇ ಇರುತ್ತದೆ ಅನ್ನೋ ಆಸೆ. ಕಳೆದು ಹೋದದ್ದನ್ನು ಹುಡುಕುತ್ತಿದ್ದೇನೆ ಅಂತ ಒಬ್ಬ ಅಜ್ಜಿ ಒಮ್ಮೆ ನನ್ನ ಜೊತೆಗೇ ಬಗ್ಗಿ ಹುಡುಕಿದ್ದರು. "ಏನ್ ಕಳಕೊಂಡೀಯಪ್ಪಾ?" ಅಂದರು. ಹುಳ ಅಂದೆ. ನನ್ನ ಮುಖ ನೋಡಿ ಸುಮ್ನೆ ಎದ್ದು ಹೋದರು.

ಇರುವೆ ಹಾಕಿ ನೋಡಬಹುದಾ?

ನಾವೆಲ್ಲ ಸಣ್ಣವರಿದ್ದಾಗ ಅದನ್ನೇ ಮಾಡಿದ್ದು. ಈಗ ನಾನು ಹುಲ್ಲಿನ ಕಡ್ಡಿಯಿಂದ ಎರಡು ಹರಳು ಮಣ್ಣು ಉದುರಿಸಲು ಹೇಳುತ್ತೇನೆ. ಇರುವೆ ಬಿತ್ತು ಅಂದುಕೊಂಡು ಹುಳ ಮಣ್ಣು ಎರಚುತ್ತದೆ. ಆಟಕ್ಕೆ ಅಷ್ಟು ಸಾಕು. ಹುಳವನ್ನು ಅಂಗೈ ಮೇಲೆ ಇಟ್ಟರೆ ಹಿಂದಕ್ಕೆ ಮಾತ್ರ ನಡೆಯುತ್ತದೆ, ಕಚಗುಳಿ ಆಗುತ್ತದೆ. ತಗ್ಗು ತೋಡುವುದೂ ಹಿಂದಕ್ಕೆ ನಡೆದೇ. ಮೊದಲು ಹೊರಗಿನ ಸುತ್ತು, ಆಮೇಲೆ ಒಳಗಿನ ಸುತ್ತು, ಹಾಗೇ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಕೂರುತ್ತದೆ.

ಹುಲಿ ಜೀರುಂಡೆಯ ಮರಿಯನ್ನು ನೋಡಲು ಬೇರೆ ಉಪಾಯ. ತೆಳ್ಳನೆಯ ಹುಲ್ಲು ಕಡ್ಡಿ ತೂತಿಗೆ ಇಳಿಸಿ ಕಾಯಬೇಕು. ಕಡ್ಡಿ ಸ್ವಲ್ಪ ಅಲುಗಾಡಿದರೆ ಮರಿ ಕಚ್ಚಿದೆ ಅಂತ ಅರ್ಥ. ಮೀನು ಹಿಡಿದ ಹಾಗೆ ಮೇಲೆ ಎತ್ತಬಹುದು ಅಂತಾರೆ. ನನಗೆ ಹತ್ತಕ್ಕೆ ಒಂಬತ್ತು ಸಲ ಖಾಲಿ ಕಡ್ಡಿಯೇ ಬಂದಿದೆ. ಆ ಬೆನ್ನಿನ ಕೊಕ್ಕೆಗಳನ್ನು ಮರೆತು ಜೋರಾಗಿ ಎಳೆಯಬೇಡಿ, ಮರಿಗೆ ಪೆಟ್ಟಾಗುತ್ತದೆ.

ಕಚ್ಚುತ್ತವಾ?

ತಗ್ಗಿನ ಹುಳ ಚಿವುಟಬಹುದು, ಹೆದರುವಂಥದ್ದೇನಿಲ್ಲ. ಹುಲಿ ಜೀರುಂಡೆಯನ್ನು ಹಿಡಿದರೆ ಕಚ್ಚುತ್ತದೆ, ಚುರುಕ್ ಅನ್ನುತ್ತದೆ, ವಿಷವಿಲ್ಲ. ಹಿಡಿಯದಿದ್ದರೆ ಅದರ ಪಾಡಿಗೆ ಅದು.

ಮನೆಯಲ್ಲಿ ಸಾಕಬಹುದಾ?

ತಗ್ಗಿನ ಹುಳವನ್ನು ನಿಮ್ಮ ಅಂಗಳದಿಂದಲೇ ತಂದು ಕೆಲವು ದಿನ ಇಟ್ಟು, ಮತ್ತೆ ಅಲ್ಲೇ ಬಿಡಬಹುದು. ಒಣ ಪುಡಿಮಣ್ಣು, ನಾಲ್ಕು ಬೆರಳು ಆಳ, ನೆರಳಿನಲ್ಲಿ ಒಂದು ಡಬ್ಬಿ, ಇಷ್ಟಾದರೆ ಸಾಕು. ಒಂದು ಡಬ್ಬಿಗೆ ಒಂದೇ ಹುಳ. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮಗಳು ಹಟ ಮಾಡಿದಳು ಅಂತ ಶ್ರೀಖಂಡದ ಖಾಲಿ ಡಬ್ಬಿಯಲ್ಲಿ ಎರಡು ಬಿಟ್ಟಿದ್ದೆ, ಜೊತೆಯಾಗಿರಲಿ ಅಂತ. ಮರುದಿನ ಬೆಳಿಗ್ಗೆ ತಗ್ಗು ಎರಡರ ಬದಲು ಒಂದೇ. ಅದರ ಅಂಚಿನ ಮೇಲೆ ಇನ್ನೊಂದರ ಸಿಪ್ಪೆ. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಡಬ್ಬಿಯನ್ನು ಮಾತ್ರ ಬಿಡಲಿಲ್ಲ.

ಹುಲಿ ಜೀರುಂಡೆ ಸಾಕುವ ಯೋಚನೆ ಬೇಡ. ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿಂದಾಗಲಿ ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಿಂದಾಗಲಿ ಒಂದು ಹುಳವನ್ನೂ ತರಬಾರದು.

ಹೊಲಕ್ಕೆ ಇವುಗಳಿಂದ ಲಾಭವೋ ನಷ್ಟವೋ?

ಎರಡೂ ಬೆಳೆ ತಿನ್ನುವುದಿಲ್ಲ. ಹುಲಿ ಜೀರುಂಡೆ ಸಣ್ಣ ಹುಳಗಳನ್ನು ಹಿಡಿದು ತಿನ್ನುತ್ತದೆ, ಭತ್ತದ ಗದ್ದೆಗಳಲ್ಲೂ ಕಾಣಸಿಗುತ್ತದೆ. ಹೊಲಕ್ಕೆ ಕೀಟನಾಶಕ ಹೊಡೆದರೆ ಬೆಳೆ ತಿನ್ನುವ ಹುಳದ ಜೊತೆ ಇದೂ ಸಾಯುತ್ತದೆ. ತಗ್ಗಿನ ಹುಳಕ್ಕೂ ಹೊಲಕ್ಕೂ ಹೆಚ್ಚು ಸಂಬಂಧವಿಲ್ಲ. ಉಳುಮೆ ಮಾಡುವ ಜಾಗದಲ್ಲಿ ಅದು ತಗ್ಗು ಉಳಿಸಿಕೊಳ್ಳಲು ಆಗುವುದಿಲ್ಲ.

ಇವು ನಮ್ಮ ಕಡೆ ಮಾತ್ರ ಇರೋದಾ?

ಇಲ್ಲ. ತಗ್ಗಿನ ಹುಳದ ಕುಟುಂಬದಲ್ಲಿ ಜಗತ್ತಿನಲ್ಲಿ ಸುಮಾರು 2,000 ಜಾತಿಗಳಿವೆ. ಅದರಲ್ಲಿ ತಗ್ಗು ತೋಡುವವು ಕೆಲವೇ, ಉಳಿದವು ಸುಮ್ನೆ ಮಣ್ಣಲ್ಲಿ ಹುದುಗಿ ಕಾಯುತ್ತವೆ. ಹುಲಿ ಜೀರುಂಡೆಗಳಲ್ಲಿ ಭಾರತದಲ್ಲೇ 200ಕ್ಕೂ ಹೆಚ್ಚು ಜಾತಿಗಳಿವೆ.

ಇಂಗ್ಲೆಂಡಿನಲ್ಲಿ ಹೀತ್ ಅನ್ನುವ ಬಯಲುಗಳಿವೆ. ಮರಳು ಮಣ್ಣು, ಮೊಣಕಾಲೆತ್ತರದ ಪೊದೆ, ನಡುನಡುವೆ ಬರೀ ನೆಲ. ನಮ್ಮ ಕುರುಚಲು ಗುಡ್ಡದ ಚಳಿ ಸೀಮೆಯ ಅಣ್ಣ ಅನ್ನಬಹುದು. ಅಲ್ಲಿ ಹಸಿರು ಹುಲಿ ಜೀರುಂಡೆ ಸಾಮಾನ್ಯ. ತಗ್ಗಿನ ಹುಳ ಮಾತ್ರ ಬಲು ಅಪರೂಪ. ಸಫೋಕ್ ಕರಾವಳಿಯ ಮಿನ್ಸ್‌ಮಿಯರ್ ಅನ್ನುವ ಪಕ್ಷಿಧಾಮಕ್ಕೆ ಹೋದವರು ಕಟ್ಟಡದ ಬದಿಯ ಮರಳಿನಲ್ಲಿ ಆ ತಗ್ಗುಗಳನ್ನು ಹುಡುಕಿ ನೋಡುತ್ತಾರೆ. ನಮ್ಮಲ್ಲಿ ಹನುಮಪ್ಪನ ಗುಡಿಯ ಹಿಂದೆ ಇಪ್ಪತ್ತು ಇರುತ್ತವೆ, ಅದರ ಮೇಲೇ ಚಪ್ಪಲಿ ಬಿಡುತ್ತೇವೆ.

ಖಾಲಿ ಗುಡ್ಡದಲ್ಲಿ ಗಿಡ ನೆಟ್ಟರೆ ಹುಳಗಳಿಗೂ ಒಳ್ಳೆಯದಲ್ವಾ?

ಈ ಪ್ರಶ್ನೆಗೆ ಉತ್ತರ ಹೇಳಿದಾಗಲೆಲ್ಲ ಜಗಳ ಆಗುತ್ತದೆ. ಆದರೂ ಹೇಳುತ್ತೇನೆ. ಅಲ್ಲ, ಎಲ್ಲ ಕಡೆ ಅಲ್ಲ. ಹುಲಿ ಜೀರುಂಡೆಗೆ ಓಡಲು ಬಿಸಿಲು ಬಿದ್ದ ಬರೀ ನೆಲ ಬೇಕು. ಮರಿಗೆ ಬಾವಿ ತೋಡಲು ಎಲೆ ಮುಚ್ಚದ ಗಟ್ಟಿ ನೆಲ ಬೇಕು. ತಗ್ಗಿನ ಹುಳಕ್ಕೆ ಒಣ ಪುಡಿ ಬೇಕು. ಜೆಸಿಬಿಯಿಂದ ಸಾಲು ಗುಂಡಿ ತೆಗೆದು, ಒತ್ತೊತ್ತಾಗಿ ಗಿಡ ನೆಟ್ಟು, ತರಗೆಲೆ ಹಾಸಿದರೆ ಇವೆರಡಕ್ಕೂ ಜಾಗವಿಲ್ಲ. ರಾಣೆಬೆನ್ನೂರಿನ ಧಾಮ 1974ರಲ್ಲಿ ಆದದ್ದು, ಸುಮಾರು 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು. ಅಲ್ಲೇ ನೀಲಗಿರಿ ತೋಪುಗಳು ನಿಂತಿವೆ. ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ, ಓಡಲು ಬೇಕಾದ ಬಯಲೇ ಈ ಪುಟ್ಟ ಓಟಗಾರನಿಗೂ ಬೇಕಾದದ್ದು.

ಕುರಿ ಮೇಯಿಸುವವರನ್ನು ಬೈಯುವವರೂ ಇದ್ದಾರೆ. ಆದರೆ ಕುರಿಯ ಗೊರಸು ನೆಲ ಕೆದರುತ್ತದೆ, ಪೊದೆ ಒತ್ತಾಗಲು ಬಿಡುವುದಿಲ್ಲ. ಇಂಗ್ಲೆಂಡಿನ ಹೀತ್‌ಗಳಲ್ಲಿ ಬಯಲು ಬಯಲಾಗೇ ಉಳಿಯಲಿ ಅಂತ ಬೇಕೆಂದೇ ದನ, ಕುದುರೆ ಮೇಯಿಸುತ್ತಾರೆ. ಅತಿಯಾದರೆ ತೊಂದರೆ ಆಗುವುದು ನಿಜ, ಒಂದೇ ದಾರಿಯಲ್ಲಿ ದಿನಾ ನೂರಾರು ಕುರಿ ತುಳಿದರೆ ಯಾವ ಬಾವಿಯೂ ಉಳಿಯುವುದಿಲ್ಲ.

ಯಾವಾಗ ಬಂದರೆ ಎರಡನ್ನೂ ಒಂದೇ ದಿನ ನೋಡಬಹುದು?

ತಗ್ಗಿನ ಹುಳಕ್ಕೆ ಒಣಗಾಲ, ಹುಲಿ ಜೀರುಂಡೆಗೆ ಮಳೆಗಾಲ. ಜೂನಿನಲ್ಲಿ ಮಿರಗದ (ಮೃಗಶಿರಾ) ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ದೊಡ್ಡ ಹುಲಿ ಜೀರುಂಡೆಗಳು ದಾರಿಗೆ ಬರುತ್ತವೆ. ಬೇಸಿಗೆಯಲ್ಲಿ ಮರಿಗಳು ಬಾವಿಯ ಬಾಯಿಗೆ ಮಣ್ಣು ಮೆತ್ತಿ ಒಳಗೆ ಇದ್ದುಬಿಡುತ್ತವೆ, ಆಗ ಬಂದರೆ ಏನೂ ಕಾಣುವುದಿಲ್ಲ. ಎರಡೂ ಬೇಕಾದರೆ ಅಕ್ಟೋಬರ್. ಮಳೆ ಸರಿದಿರುತ್ತದೆ, ನೆಲದಲ್ಲಿ ಇನ್ನೂ ಹಸಿ ಇರುತ್ತದೆ, ಬಂಡೆಯ ಕೆಳಗಿನ ಮಣ್ಣು ಒಣಗಿರುತ್ತದೆ.

ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತುವಾಗ ಒಂದು ಚಾಚಿದ ಬಂಡೆ ನನಗೆ ಗುರುತಿದೆ. ಅದರ ಅಡಿಯಲ್ಲಿ ಕೆಂಪು ಪುಡಿ, ಪುಡಿಯಲ್ಲಿ ಏಳೆಂಟು ತಗ್ಗು. ಅಲ್ಲಿಂದ ಮೂರು ಹೆಜ್ಜೆ ಆಚೆ, ಬಿಸಿಲಿಗೆ ಬಂದ ಕಡೆ, ನೆಲ ಗಟ್ಟಿ. ಅಲ್ಲಿ ಪೆನ್ಸಿಲ್ ತೂತುಗಳು. ನಡುವೆ ಇರುವೆಗಳ ಸಾಲು. ಎರಡೂ ಕಡೆ ಯಮನೇ! ಹೋದ ಸಲ ಅಲ್ಲಿ ಕೂತಿದ್ದಾಗ ಒಂದು ಇರುವೆ ತಗ್ಗಿನ ಅಂಚಿಗೆ ಬಂತು, ಎರಡು ಕಾಲು ಜಾರಿತು, ಹೇಗೋ ಹಿಂದೆ ಸರಿದು ಪಾರಾಯಿತು, ನೇರ ಬಿಸಿಲಿನ ಕಡೆ ಓಡಿತು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಇಲ್ಲ. ನೆಲದಲ್ಲಿ ಒಂದು ತೂತು ಮಾತ್ರ ಇತ್ತು.

ಬೆಳಿಗ್ಗೆ ಎಂಟಕ್ಕೆ ಹೊರಟರೆ ಸರಿ. ನೆರಳು ಹುಳದ ಮೇಲೆ ಬೀಳದ ಹಾಗೆ, ಸೂರ್ಯನ ಕಡೆ ಮುಖ ಮಾಡಿ ಕೂರಬೇಕು. ಕೂರಲು ಹಳೆ ಗೋಣಿಚೀಲ ತನ್ನಿ. ನೀರು, ಬುತ್ತಿ ಕಟ್ಟಿಕೊಂಡೇ ಬನ್ನಿ, ಮೇಲೆ ಅಂಗಡಿ ಇಲ್ಲ.